ದೇವಮೂಲೆಯ ಬೀಗ

ಮುಚ್ಚಿದ ಬಾಗಿಲು ಕಂಡರೆ ಅದರ ಹಿಂದೆ ಏನಿದೆ ಎಂದು ತಿಳಿಯುವ ತನಕ ನನಗೆ ಊಟ ರುಚಿಸುವುದಿಲ್ಲ. ಇದು ನನ್ನ ಹುಟ್ಟುಗುಣ. ತವರಿನಲ್ಲಿ ಇದಕ್ಕೆ ಬೈಸಿಕೊಂಡಿದ್ದೇನೆ, ಗಂಡನ ಮನೆಯಲ್ಲಿ ಬೈಸಿಕೊಂಡಿದ್ದೇನೆ, ಈಗ ಮೊಮ್ಮಕ್ಕಳ ಕೈಲೂ ಬೈಸಿಕೊಳ್ಳುತ್ತೇನೆ. ಬೈದವರಲ್ಲಿ ಹೆಚ್ಚಿನವರು ನಾನು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದೆ ಬೈದವರು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಮಧ್ಯದ ಮಾತು. ನಮ್ಮವರಿಗೆ ರಾಜಾಜಿನಗರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ವಿಜಯನಗರದ ಅಂಚಿನಲ್ಲಿ ಬಾಡಿಗೆ ಮನೆ. ಒಂದು ಹಾಲ್, ಒಂದು ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಸ್ವಲ್ಪ ದೂರ ನಡೆದರೆ ಬಡಾವಣೆ ಮುಗಿದು ಹೊಲ ಶುರುವಾಗುತ್ತಿತ್ತು. ಅತ್ತೆಯ ಊರು ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿ ದಾಟಿ ಇನ್ನೂ ಆಚೆಗೆ. ಅಲ್ಲಿ ಏಳನೇ ಕ್ಲಾಸಿನಿಂದ ಮುಂದಕ್ಕೆ ಶಾಲೆ ಇರಲಿಲ್ಲವಾದ್ದರಿಂದ ನಮ್ಮವರ ಕೊನೆಯ ತಂಗಿ, ನನ್ನ ನಾದಿನಿ, ಎಂಟನೇ ಕ್ಲಾಸಿಗೆ ನಮ್ಮ ಮನೆಗೆ ಬಂದಳು. ನನಗೂ ಅವಳಿಗೂ ಆರೇಳು ವರ್ಷದ ಅಂತರ ಅಷ್ಟೇ. ಸಂಜೆ ಒಂದೇ ಚಾಪೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ಬೀದಿಯವರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತಿದ್ದೆವು.

ಹುಡುಗಿ ಓದಿನಲ್ಲಿ ಚುರುಕು. ಲೆಕ್ಕದ ಪುಸ್ತಕವನ್ನು ಕಥೆ ಪುಸ್ತಕದ ಹಾಗೆ ಓದುತ್ತಿದ್ದಳು. ಮುಂದಿನ ಪುಟದಲ್ಲಿ ಏನಾಗುತ್ತದೋ ಎಂದು ತಾನೇ ಕುತೂಹಲಪಟ್ಟುಕೊಂಡು ಮುಂದಿನ ಪಾಠ ಮಾಡಿಬಿಡುವಳು. ಆ ಗುಣ ನನಗೆ ಬಹಳ ಹಿಡಿಸಿತ್ತು. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ದೊಡ್ಡವಳಾದಳು. ಅದಾದ ಮೇಲೆ ಹೊಟ್ಟೆನೋವು ಶುರುವಾಯಿತು. ಮಧ್ಯಾಹ್ನಕ್ಕೇ ಶಾಲೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ಬರುವಳು. ತಿಂಗಳಲ್ಲಿ ನಾಲ್ಕಾರು ದಿನ ಹೋಗುತ್ತಲೇ ಇರಲಿಲ್ಲ. ಡಾಕ್ಟರು ಕೆಂಪು ಮಿಕ್ಸ್ಚರ್ ಕೊಟ್ಟರು. ಅದು ಮುಗಿದ ಮೇಲೆ ಹಳದಿ ಮಿಕ್ಸ್ಚರ್ ಕೊಟ್ಟರು.

ಸುದ್ದಿ ಊರಿಗೆ ಮುಟ್ಟಿ ಅತ್ತೆ ಬಸ್ಸು ಹತ್ತಿ ಬಂದರು. ಮಗಳ ಮುಖ ನೋಡಿದರು, ಕೈ ನೋಡಿದರು, ಬಾಟಲಿಗಳನ್ನೂ ನೋಡಿದರು.

“ಓದಿದ್ದು ಸಾಕು. ಸಂಕ್ರಾಂತಿಗೆ ಬಂದು ಕರ್ಕೊಂಡೋಗ್ತೀನಿ,” ಎಂದರು. “ನಮ್ಮಣ್ಣನ ಮಗ ಅವ್ನೆ. ಹೊಲ ಮನೆ ಅದೆ. ಇನ್ನೇನ್ ಬೇಕು?”

ನಾದಿನಿ ಗೋಡೆಗೆ ಮುಖ ಮಾಡಿ ಕೂತಳು. ನಮ್ಮವರು ಪೇಪರು ಮಡಚಿದರು, ಮತ್ತೆ ಬಿಡಿಸಿದರು. ಅತ್ತೆ ಕೆಟ್ಟವರಲ್ಲ. ನರಳುವ ಮಗಳನ್ನು ತಾಯಿ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು? ಆದರೆ ಒಂದು ಸಲ ಆ ಬಸ್ಸು ಹತ್ತಿದರೆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಅದು ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನನಗೆ ಮಾತ್ರ ಆ ಹೊಟ್ಟೆನೋವಿನ ಮೇಲೆಯೇ ಅನುಮಾನ. ಭಾನುವಾರ ಅದು ಬರುತ್ತಿರಲಿಲ್ಲ. ದಸರಾ ರಜೆಯಲ್ಲಿ ಒಂದು ದಿನವೂ ಬರಲಿಲ್ಲ. ಹಾಗಂತ ಕಳ್ಳನೋವೂ ಅಲ್ಲ, ಬಂದಾಗ ಮುಖ ಬಿಳಿಚಿಕೊಂಡು ಹಣೆಯಲ್ಲಿ ಬೆವರು ಕಿತ್ತುಕೊಳ್ಳುತ್ತಿತ್ತು. ರಜಾದಿನ ನೋಡಿಕೊಂಡು ಬಿಡುವು ಕೊಡುವ ಇದೆಂಥ ನೋವು ಎಂದು ಅವಳನ್ನು ಗಮನಿಸತೊಡಗಿದೆ. ಶಾಲೆಯ ದಿನ ಬೆಳಿಗ್ಗೆ ಅವಳು ಕಾಫಿ ಮುಟ್ಟುವುದಿಲ್ಲ. ಉಪ್ಪಿಟ್ಟು ತಿಂದು ನೀರನ್ನೂ ಕುಡಿಯದೆ ಏಳುತ್ತಾಳೆ. ಸಂಜೆ ಬಂದವಳು ಚೀಲವನ್ನೂ ಇಳಿಸದೆ ಹಿತ್ತಲಿಗೆ ಓಡುತ್ತಾಳೆ. ಒಂದು ಸಂಜೆ ಕೇಳಿಯೇಬಿಟ್ಟೆ.

“ಸ್ಕೂಲಲ್ಲಿ ಒಂದಕ್ಕೆ ಎಲ್ಲಿಗ್ ಹೋಗ್ತೀರೇ?”

“ಹೋಗಲ್ಲ ಅತ್ತಿಗೆ.”

“ಹೋಗಲ್ಲ ಅಂದ್ರೆ?”

“ಹುಡುಗ್ರು ಬೇಲಿ ಆಚೆ ಹೋಗ್ತಾರೆ. ನಾವು ಸಾಯಂಕಾಲದವರ್ಗೂ ತಡ್ಕೊಂಡಿರ್ತೀವಿ.”

“ಮತ್ತೆ ಮುಟ್ಟಿನ ದಿನ?”

“ಅದಕ್ಕೇ ಮನೇಲಿ ಇದ್ಬಿಡ್ತೀನಲ್ಲ.”

ಇಷ್ಟೇ ಇಷ್ಟು. ಇದನ್ನು ಕೇಳಬೇಕೆಂದು ಅಷ್ಟು ತಿಂಗಳು ಯಾರಿಗೂ ಹೊಳೆದಿರಲಿಲ್ಲ, ಡಾಕ್ಟರಿಗೂ ಹೊಳೆದಿರಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯದೆ ಹಳದಿ ಮಿಕ್ಸ್ಚರನ್ನು ಬಚ್ಚಲಿಗೆ ಸುರಿದೆ.

ಮಾರನೆಯ ದಿನ ಅವಳ ಊಟದ ಡಬ್ಬಿಯನ್ನು ನಾನೇ ಒಯ್ಯುವ ನೆಪ ಮಾಡಿಕೊಂಡು ಶಾಲೆಗೆ ಹೋದೆ. ಸುತ್ತಲಿನ ಹಿರಿಯರು ಸೇರಿ ಕಟ್ಟಿದ ಹೈಸ್ಕೂಲು ಅದು. ಅವರದೇ ಒಂದು ಕಮಿಟಿ ಅದನ್ನು ನಡೆಸುತ್ತಿತ್ತು. ಮಂಗಳೂರು ಹೆಂಚಿನ ಉದ್ದನೆಯ ಕಟ್ಟಡ, ಸುತ್ತ ಮುಳ್ಳುತಂತಿಯ ಬೇಲಿ, ಬೇಲಿಯ ಪೂರ್ವಕ್ಕೆ ಅವರೆ ಹೊಲ. ಅಂಗಳದ ಮೂಲೆಯಲ್ಲಿ ಬೇಲಿಗೆ ಅಂಟಿಕೊಂಡಂತೆ ಒಂದು ಪುಟ್ಟ ಕೋಣೆ ಇತ್ತು. ಅದರ ಬಾಗಿಲಿಗೆ ದೊಡ್ಡ ಬೀಗ. ಬೀಗಕ್ಕೆ ಕುಂಕುಮ, ಚಿಲಕಕ್ಕೆ ಒಣಗಿದ ಸೇವಂತಿಗೆ ಹಾರ. ಊಟದ ಬಿಡುವಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಂದು ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮಧ್ಯಾಹ್ನ ಏನೋ ಟೆಸ್ಟ್ ಇತ್ತಂತೆ.

ಬಂದ ಕೆಲಸ, ಹೊಟ್ಟೆನೋವು, ಎಲ್ಲವನ್ನೂ ನಾನು ಅಲ್ಲೇ ಮರೆತೆ.

“ಒಳಗೆ ಯಾವ ದೇವ್ರು?” ಎಂದು ಸಾಲಿನಲ್ಲಿದ್ದ ಒಬ್ಬಳನ್ನು ಕೇಳಿದೆ.

“ಗಣಪತಿ, ಆಂಟಿ.”

“ಅಲ್ಲ ಕಣೇ, ಸರಸ್ವತಿ,” ಎಂದು ಹಿಂದಿನವಳು ತಿದ್ದಿದಳು.

ಜವಾನನನ್ನು ಕೇಳಿದೆ. “ನಾನು ಬಂದಾಗಿಂದ ಹಿಂಗೇ ಇದೆ ಕಣಮ್ಮ. ಆಯುಧ ಪೂಜೆಗೆ ಎಲ್ಲಾ ಬಾಗ್ಲಿಗೂ ಕುಂಕುಮ ಇಡ್ತೀನಿ, ಇದಕ್ಕೊಂದು ಹಾರ ಜಾಸ್ತಿ. ದೇವಮೂಲೆ ಅಂತಾರಲ್ಲ,” ಎಂದ. ನಾದಿನಿಯನ್ನು ಕೇಳಿದರೆ, “ನಂಗೂ ಗೊತ್ತಿಲ್ಲ ಅತ್ತಿಗೆ. ಆದ್ರೂ ಲೆಕ್ಕದ ಪರೀಕ್ಷೆ ದಿನ ಕೈ ಮುಗೀತೀನಿ,” ಎಂದಳು.

ಬಾಗಿಲಿನ ಕೆಳಗೆ ಹಲಗೆ ಮುರಿದು ಒಂದು ಸಂದು ಬಿಟ್ಟುಕೊಂಡಿತ್ತು. ಒಬ್ಬ ಗೃಹಿಣಿ ಶಾಲೆಯ ಅಂಗಳದಲ್ಲಿ ಬಗ್ಗಿ ಬಾಗಿಲ ಸಂದಿನಲ್ಲಿ ಇಣುಕುವುದು ಹೇಗೆ? ಸೆರಗು ಹೊದ್ದುಕೊಂಡು, ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಭಕ್ತಿಯಿಂದ ನಮಸ್ಕಾರ ಮಾಡಿದೆ. ಮಾಡುತ್ತಲೇ ಒಂದು ಕಣ್ಣನ್ನು ಸಂದಿಗೆ ಹಚ್ಚಿದೆ. ಒಳಗಿನ ಮಬ್ಬಿನಲ್ಲಿ ಬೆಳ್ಳಗೆ ಎರಡು ಪಾದಗಳು ಕಂಡವು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಮೈ ಜುಮ್ಮೆಂದಿತು. ಯಾವ ದೇವರ ಪಾದವಿರಬಹುದು ಎಂದು ಕಣ್ಣು ಕಿರಿದು ಮಾಡಿ ನೋಡಿದರೆ, ಎರಡು ಪಾದಗಳ ನಡುವೆ ಒಂದು ಗುಂಡಿ, ಹಿಂದಿನ ಗೋಡೆಯಲ್ಲಿ ತುಕ್ಕು ಹಿಡಿದ ನಲ್ಲಿ.

ಪಿಂಗಾಣಿಯ ಕಕ್ಕಸು!

ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡು ಎದ್ದೆ. ತಿರುಗಿ ನೋಡಿದರೆ ನನ್ನ ಭಕ್ತಿಯನ್ನು ಕಂಡು ಹಿಂದಿದ್ದ ಹುಡುಗಿಯರೂ ಮಂಡಿಯೂರಿ ಕೂತಿದ್ದರು. ಬೆಳಗಿನಿಂದ ತಡೆದುಕೊಂಡು ಕೂತ ಮಕ್ಕಳು, ತಮಗೆಂದೇ ಕಟ್ಟಿದ ಕಕ್ಕಸಿಗೆ ಕೈ ಮುಗಿದು ಟೆಸ್ಟಿಗೆ ಹೋಗುತ್ತಿದ್ದರು. ನನ್ನ ನಗು ಅಲ್ಲೇ ನಿಂತುಹೋಯಿತು.

ಹೆಡ್‌ಮಾಸ್ಟರ ಕೋಣೆಗೆ ಹೋಗಿ ವಿಚಾರಿಸಿದೆ. ಅವರು ಮೊದಲು ಬಾಗಿಲು ಮುಂದೆ ಮಾಡಿ ಆಮೇಲೆ ಪಿಸುಮಾತಿನಲ್ಲಿ ಹೇಳಿದರು. ಶಾಲೆ ಕಟ್ಟಿದಾಗ ಹೆಣ್ಣುಮಕ್ಕಳಿಗೆಂದೇ ಅದನ್ನು ಕಟ್ಟಿಸಿದ್ದರಂತೆ. ಮೊದಲ ಎಸ್ಸೆಸ್ಸೆಲ್ಸಿ ತಂಡ ಸಾರಾಸಗಟಾಗಿ ಫೇಲಾಯಿತಂತೆ. ಶಾಲೆಗೆ ಜಾಗ ಕೊಟ್ಟ, ಪಕ್ಕದ ಹಳೇ ಊರಿನ ಯಜಮಾನರು ಬಂದು ನೋಡಿ, ಅಯ್ಯೋ, ಈಶಾನ್ಯ ಮೂಲೆಯಲ್ಲಿ ಕಕ್ಕಸು ಇಟ್ಟಿದ್ದೀರಲ್ಲ, ಅದು ದೇವಮೂಲೆ, ಮಕ್ಕಳು ಹೇಗೆ ಪಾಸಾಗುತ್ತಾರೆ ಎಂದು ಬೀಗ ಹಾಕಿಸಿದರಂತೆ. ಮುಂದಿನ ವರ್ಷ ರಿಸಲ್ಟ್ ಚೆನ್ನಾಗಿ ಬಂತು. ಬೀಗಕ್ಕೆ ಹಾರ ಬಿತ್ತು.

“ಈಗ ತೆಗ್ಸಿ ರಿಸಲ್ಟ್ ಬಿದ್ರೆ ನನ್ನ ತಲೆಗೆ ಬರತ್ತಮ್ಮ,” ಎಂದರು ಹೆಡ್‌ಮಾಸ್ಟರು. “ನೀವೇ ಕಮಿಟಿಗೆ ಹೇಳಿ. ಭಾನುವಾರ ಸೇರ್ತಾರೆ.”

ಮನೆಯಲ್ಲಿ ನಮ್ಮವರಿಗೆ ಹೇಳಿದೆ.

“ಅವರೆಲ್ಲಾ ದೊಡ್ಡವರು ಕಣೇ. ಅವರ ಮುಂದೆ ಹೋಗಿ ಅದನ್ನ ಹೇಳ್ತೀಯಾ?”

“ಅದು ಅಂದ್ರೆ ಯಾವುದು?”

“ಅದೇ ಕಣೇ... ಅದೇ.”

ಗಂಡ ಹೆಂಡತಿ ಇಬ್ಬರೇ ಇರುವಾಗಲೇ ಅವರಿಂದ ಆ ಮಾತು ಹೊರಡಲಿಲ್ಲ. ಆದರೂ ಭಾನುವಾರ ಜೊತೆಗೆ ಬಂದರು. ಬಂದು, ಸೈಕಲ್ಲಿಗೆ ಗಾಳಿ ಕಮ್ಮಿಯಾಗಿದೆ ಎಂದು ಗೇಟಿನ ಹೊರಗೇ ನಿಂತುಕೊಂಡರು. ನಾನು ದಾರಿಯುದ್ದಕ್ಕೂ ಆ ಪದವನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ, ಸಮಯಕ್ಕೆ ನಾಲಿಗೆ ಹಿಂಜರಿಯಬಾರದಲ್ಲ.

ಹೆಡ್‌ಮಾಸ್ಟರ ಕೋಣೆಯಲ್ಲಿ ಸಭೆ. ಹೋಟೆಲಿನಿಂದ ತರಿಸಿದ ಕಾಫಿಯ ಲೋಟಗಳು ಮೇಜಿನ ಮೇಲೆ. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಅಕ್ಕಪಕ್ಕ ಇನ್ನೂ ಕೆಲವರು. ಕಿಟಕಿಯ ಪಕ್ಕ ಒಂದು ಬೆಂಚಿನ ಮೇಲೆ, ಪಂಚೆ ಉಟ್ಟು ಹೆಗಲಿಗೆ ವಲ್ಲಿ ಹಾಕಿದ್ದ ವಯಸ್ಸಾದವರೊಬ್ಬರು ಕೂತಿದ್ದರು. ಇವರೇ ಬೀಗದ ಯಜಮಾನರು ಎಂದುಕೊಂಡೆ. ಅಧ್ಯಕ್ಷರು ಏನು ವಿಷಯ ಎಂದು ಕೇಳಿದರು.

“ಹೆಣ್ಮಕ್ಕಳ ಕಕ್ಕಸಿಗೆ ಬೀಗ ಹಾಕಿದೀರಿ ಸಾರ್. ಅದನ್ನ ತೆಗೆಸ್ಬೇಕು.”

ಒಬ್ಬರು ಕೆಮ್ಮಿದರು. ಹೆಡ್‌ಮಾಸ್ಟರು ಮೇಜಿನ ಮೇಲಿದ್ದ ಭೂಗೋಳವನ್ನು ಮೆಲ್ಲಗೆ ತಿರುಗಿಸತೊಡಗಿದರು. ಅಧ್ಯಕ್ಷರು ಗೋಡೆಯ ಕ್ಯಾಲೆಂಡರ್ ನೋಡುತ್ತಾ, “ಇದು ಸಭೇಲಿ ಮಾತಾಡೋ ವಿಷಯಾನಾಮ್ಮ?” ಎಂದರು.

“ಮತ್ತೆಲ್ಲಿ ಮಾತಾಡ್ಲಿ, ಹೇಳಿ ಸಾರ್. ಅಲ್ಲಿಗೇ ಬರ್ತೀನಿ.”

ಆಗ ಕಿಟಕಿಯ ಪಕ್ಕದವರು ಬಾಯಿಬಿಟ್ಟರು. “ಬೀಗ ಹಾಕ್ಸಿದ್ದು ನಾನು, ತಾಯಿ. ಈಶಾನ್ಯದಾಗೆ ಅದು ಇರಬಾರ್ದು. ಮಕ್ಳು ಪಾಸಾಗ್ಲಿ ಅಂತ ತಾನೆ ಮಾಡಿದ್ದು?”

ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡು ಬಂದಿದ್ದೆ. ಆದರೆ ಆ ದನಿಯಲ್ಲಿ ಜಗಳವಿರಲಿಲ್ಲ. ಮನೆಮಕ್ಕಳಿಗೆ ದೃಷ್ಟಿ ತೆಗೆದ ಅಜ್ಜಿಯ ಹಾಗೆ, ತಾನು ಒಳ್ಳೆಯದನ್ನೇ ಮಾಡಿದ್ದೇನೆ ಎನ್ನುವ ನಂಬಿಕೆ. ಸಿಟ್ಟು ಜಾರಿ, ಅದರ ಜಾಗದಲ್ಲಿ ನನ್ನ ಹಳೇ ರೋಗ ತಲೆಯೆತ್ತಿತು.

“ತಾತ, ಈಶಾನ್ಯ ಅಂದ್ರೆ ಎಲ್ಲಿಂದ ಎಲ್ಲಿವರ್ಗೆ? ಕಟ್ಟಡದ ಲೆಕ್ಕಾನಾ, ಬೇಲಿ ಲೆಕ್ಕಾನಾ?”

ಅಧ್ಯಕ್ಷರು ಗೊಳ್ಳೆಂದು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ, ನಿಜವಾಗಿಯೂ ನನಗೆ ತಿಳಿಯಬೇಕಾಗಿತ್ತು. ಯಜಮಾನರು ನಗಲಿಲ್ಲ. ಹಾಗೆಂದು ಅವರನ್ನು ಯಾರೂ ಇದುವರೆಗೆ ಕೇಳಿದ ಹಾಗಿರಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಮುಂದಕ್ಕೆ ಸರಿದರು.

“ಬೇಲಿ ಲೆಕ್ಕ. ಬೇಲಿ ಒಳಗೆ ಏನೈತೋ ಅಷ್ಟಕ್ಕೆ ಮೂಲೆ ಹಿಡೀಬೇಕು.”

“ಹಂಗಾದ್ರೆ ಬೇಲಿ ಆಚೆ ಸರಿದ್ರೆ ಮೂಲೇನೂ ಸರಿಯತ್ತಾ?”

ಅವರು ತಿರುಗಿ ಕಿಟಕಿಯಾಚೆ ನೋಡಿದರು. ಬೇಲಿಯ ಆಚೆಗಿನ ಅವರೆ ಹೊಲ ಅವರದೇ. ನೋಡುತ್ತಾ ನೋಡುತ್ತಾ ಎದ್ದು, ಚಪ್ಪಲಿ ಮೆಟ್ಟಿ, ಸಭೆಯನ್ನು ಅಲ್ಲೇ ಬಿಟ್ಟು ಹೊರಟೇಹೋದರು. ನಾನು ಹಿಂದೆ ಓಡಿದೆ. ನಮ್ಮ ಹಿಂದೆ ಕಮಿಟಿಯೂ ಬಂತು, ಗೇಟಿನಿಂದ ನಮ್ಮವರೂ ಬಂದರು. ಯಜಮಾನರು ಬೀಗದ ಕೋಣೆಯ ಮುಂದೆ ಬೆಳಗಿನ ಸೂರ್ಯನ ಕಡೆ ಮುಖ ಮಾಡಿ ನಿಂತರು. ಮುಳ್ಳುತಂತಿ ಎತ್ತಿ ನುಸುಳಿ ಹೊಲದೊಳಗೆ ಇಳಿದರು. ತೋಳು ಚಾಚಿ ಮಾರು ಹಾಕುತ್ತಾ ಹೂ ಕಾಯಿ ಬಿಟ್ಟಿದ್ದ ಅವರೆಯ ನಡುವೆ ನಡೆದರು. ಒಂದು ಕಡೆ ನಿಂತು ಹಿಂದಿರುಗಿ ನೋಡಿದರು. ಮುಖ ಅರಳಿತ್ತು.

“ಸರೀತದೆ, ತಾಯಿ! ಬೇಲಿ ಇಲ್ಲಿಗ್ ಬಂದ್ರೆ ಈಶಾನ್ಯ ಇಲ್ಲಿಗ್ ಬತ್ತದೆ. ಆ ಕೋಣೆ ಸುಮ್ನೆ ಬಡಗಲ ಕಡೆ ಇದ್ದಂಗಾಯ್ತದೆ.”

ಬೇಲಿ ಸರಿದು ಕೋಣೆ ಉತ್ತರಕ್ಕೆ ಬಿದ್ದದ್ದನ್ನು ಶಾಸ್ತ್ರ ಬಲ್ಲವರು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಯಜಮಾನರು ಒಪ್ಪಿದರು, ಅಲ್ಲಿಗೆ ಬೇರೆ ಶಾಸ್ತ್ರ ಬೇಕಿರಲಿಲ್ಲ. ಅಧ್ಯಕ್ಷರಿಗೂ ಸಮಾಧಾನವಾಯಿತು. ಕಕ್ಕಸಿನ ವಿಷಯ ಹೋಗಿ ಬೇಲಿಯ ವಿಷಯ ಬಂದಿತ್ತಲ್ಲ, ಅದನ್ನು ಸಭೆಯಲ್ಲಿ ಧಾರಾಳವಾಗಿ ಮಾತಾಡಬಹುದು.

“ಆಗ್ಲಿ, ಅವರೆ ಕಿತ್ಕೊಳ್ಳಿ ಯಜಮಾನ್ರೇ. ಸಂಕ್ರಾಂತಿ ಕಳೀಲಿ, ಆಮೇಲೆ ನೋಡೋಣ,” ಎಂದರು.

“ಸಂಕ್ರಾಂತಿಗೆ ನಮ್ಮತ್ತೆ ಬಂದ್ಬಿಡ್ತಾರೆ ಸಾರ್!” ಎಂದು ಕೂಗಿಬಿಟ್ಟೆ.

ಯಾರಿಗೂ ಅರ್ಥವಾಗಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಹುಡುಗಿ ಬೆಳಿಗ್ಗೆ ನೀರು ಕುಡಿಯದೆ ಬರುವುದು, ಹೊಟ್ಟೆನೋವು, ಮಿಕ್ಸ್ಚರ್, ಸೋದರಮಾವನ ಮಗ. ನಮ್ಮವರು ನೆಲ ನೋಡುತ್ತಿದ್ದರು. ಆಮೇಲೆ ತಲೆ ಎತ್ತಿ, “ಹೌದು ಸಾರ್, ನನ್ನ ತಂಗಿ. ಕಕ್ಕಸು ಇಲ್ದೆ ಹಿಂಗಾಯ್ತು,” ಎಂದರು. ಆ ಪದ ಅವರ ಬಾಯಿಂದ ಕೇಳಿ ನನಗೆ ಅಪ್ಪಿಕೊಳ್ಳುವಷ್ಟು ಪ್ರೀತಿ ಉಕ್ಕಿತು.

ಯಜಮಾನರು ಮಾತ್ರ ನಿಂತ ಜಾಗದಿಂದ ಅಲುಗಲಿಲ್ಲ. “ಹೊಟ್ಟೆನೋವಾ?” ಎಂದು ಕೇಳಿದರು. ಹೌದು ಎಂದೆ. ಮತ್ತೆ ಅದನ್ನೇ ಕೇಳಿದರು. ಆಮೇಲೆ, “ನಾಳೆನೇ ಬೇಲಿ ಕೀಳಿಸ್ತೀನಿ. ಒಂದು ಪಟ್ಟಿ ಅವರೆ ಹೋದ್ರೆ ಹೋಯ್ತು,” ಎಂದು ಹೊಲದೊಳಗಿಂದಲೇ ಮನೆಯ ಕಡೆ ನಡೆದರು. ಶಾಲೆಯ ಮೂಲಕ ಹಿಂದಿರುಗಲಿಲ್ಲ.

ಹೇಳಿದಂತೆಯೇ ಮಾಡಿದರು. ಅವರೆ ಗಿಡಗಳನ್ನು ಕಾಯಿ ಸಮೇತ ಕೀಳಿಸಿ, ಕಲ್ಲುಕಂಬ ನೆಡಿಸಿ, ತಂತಿ ಎಳೆಸಿದರು. ಹೊಸ ಈಶಾನ್ಯದಲ್ಲಿ ಒಂದು ನೆಲ್ಲಿ ಸಸಿ ನೆಟ್ಟರು. ಬೀಗಕ್ಕೆ ಎಣ್ಣೆ ಬಿಟ್ಟರೂ ಬಗ್ಗದೆ ಕೊನೆಗೆ ಸುತ್ತಿಗೆಯಲ್ಲಿ ಒಡೆಯಬೇಕಾಯಿತು. ಒಳಗೆಲ್ಲ ಜೇಡರ ಬಲೆ. ಜವಾನನ ಹೆಂಡತಿ ತೊಳೆದು ಕೊಟ್ಟಳು. ಮೊದಲ ದಿನ ಹುಡುಗಿಯರು ಒಳಗೆ ಹೋಗಲು ಅಂಜಿದರು, ದೇವರಿಗೆ ಅಪಚಾರವಾದೀತು ಎಂದು. ಒಬ್ಬಳು ಚಪ್ಪಲಿ ಹೊರಗೆ ಬಿಟ್ಟು ಹೋದಳಂತೆ.

ಅತ್ತೆ ಸಂಕ್ರಾಂತಿಗೆ ಬಂದರು. ಹುಡುಗಿ ಹೊಟ್ಟೆನೋವು ಎಂದು ಮಲಗಿರಲಿಲ್ಲ, ಕೆನ್ನೆಗೆ ಬಣ್ಣ ಬಂದಿತ್ತು. ಕಾರಣ ಹೇಳಿದರೆ ಅತ್ತೆ ನಂಬಲಿಲ್ಲ. ಶಾಲೆಗೆ ಕರೆದುಕೊಂಡು ಹೋಗಬೇಕಾಯಿತು. ತಾವೇ ಒಳಗೆ ಹೋಗಿ, ಚಿಲಕ ಹಾಕಿ, ತೆಗೆದು, ನಲ್ಲಿ ತಿರುಗಿಸಿ ನೋಡಿ ಬಂದರು.

“ಇಷ್ಟಕ್ಕೇನಾ ನನ್ನ ಮಗಳು ಆ ಪಾಟಿ ನರಳಿದ್ದು?” ಎಂದರು. ಕಣ್ಣು ಒರೆಸಿಕೊಂಡರು. “ಪರೀಕ್ಷೆ ಮುಗಿಸ್ಲಿ. ಅಲ್ಲೀವರ್ಗೂ ನಮ್ಮಣ್ಣಂಗೆ ಏನಾರ ಹೇಳ್ಕೊಂತೀನಿ.” ಎಳ್ಳು ಬೀರಿ, ಒಬ್ಬರೇ ಬಸ್ಸು ಹತ್ತಿ ಹೋದರು. ಪರೀಕ್ಷೆಗಳು ಒಂದಾದ ಮೇಲೊಂದು ಬಂದವು, ಅಣ್ಣನಿಗೆ ಹೇಳಲು ಅವರ ಬಳಿ ಪ್ರತಿ ಸಲವೂ ಏನೋ ಒಂದು ಇತ್ತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ಒಂದು ಸಂಜೆ ಯಜಮಾನರು ನಮ್ಮ ಮನೆಗೆ ಬಂದರು. ನಮ್ಮವರು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಒಳಗೆ ಬನ್ನಿ ಎಂದರೂ ಬರದೆ ಜಗಲಿಯ ಮೇಲೆಯೇ ಕೂತರು. ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು, ಕುಡಿಯದೆ, ಬೀದಿ ನೋಡುತ್ತಾ ಹೇಳಿದರು.

“ನನ್ನ ಕೊನೇ ಮಗ್ಳೂ ಅಲ್ಲೇ ಓದಿದ್ದು, ತಾಯಿ. ಬೀಗ ಹಾಕ್ಸಿದ ವರ್ಷ ಒಂಬತ್ತರಲ್ಲಿದ್ಲು. ಹೊಟ್ಟೆನೋವು ಅನ್ನೋಳು. ಆಸ್ಪತ್ರೆಗೆ ತೋರ್ಸುದ್ವಿ, ದೇವ್ರಿಗೆ ಹರಸ್ಕೊಂಡ್ವಿ. ವಾಸಿ ಆಗ್ಲಿಲ್ಲ. ಸ್ಕೂಲು ಬಿಡ್ಸಿದ್ಮೇಲೆ ವಾಸಿ ಆಯ್ತು.” ನನ್ನ ಕಡೆ ತಿರುಗಿದರು. “ಅವ್ಳಿಗೂ ಇದೇನಾ?”

ಇಲ್ಲ, ಅದು ಬೇರೆ ಏನೋ ಇರಬೇಕು ಎಂದು ಹೇಳಬಹುದಿತ್ತು. ಮುಖ ನೋಡಿದೆ, ಸುಳ್ಳು ಹೇಳಲಾಗಲಿಲ್ಲ.

“ಇರ್ಬೋದು, ತಾತ.”

“ನನ್ನ ಹೊಟ್ಟೇಲಿ ಹುಟ್ಟಿದೋಳು. ಒಂದು ಮಾತು ಹೇಳ್ಬೋದಿತ್ತಲ್ಲ?”

“ಬೀಗ ಹಾಕ್ಸಿದ್ದು ನೀವೇ ಅಲ್ವಾ ತಾತ? ಯಾರ ಹತ್ರ ಹೇಳ್ಬೇಕಿತ್ತು?”

ಚುಚ್ಚಬೇಕೆಂದು ಕೇಳಿದ್ದಲ್ಲ. ಪ್ರಶ್ನೆ ಬಂತು, ಕೇಳಿಬಿಟ್ಟೆ. ಅವರು ಲೋಟ ಕೆಳಗಿಟ್ಟು ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡರು. ಮಗಳನ್ನು ಇಲ್ಲೇ ಹತ್ತಿರದ ಉಲ್ಲಾಳಕ್ಕೆ ಕೊಟ್ಟಿದ್ದೇವೆ, ಇಬ್ಬರು ಮಕ್ಕಳು, ಚೆನ್ನಾಗಿದ್ದಾಳೆ ಎಂದರು. ಓದುವಾಗ ಬಲು ಜೋರಾಗಿ ಓದುತ್ತಿದ್ದಳು, ಬ್ಯಾಡವೇ ಕಿವಿ ಹೋಯ್ತದೆ ಎಂದು ಬೈಯುತ್ತಿದ್ದೆ ಎಂದರು.

ಒಳಗೆ ನಾದಿನಿ ದೀಪ ಹಾಕಿಕೊಂಡು ಗಟ್ಟಿಯಾಗಿ ವಿಜ್ಞಾನದ ಪಾಠ ಓದಲು ಶುರು ಮಾಡಿದಳು. ಮೆಲ್ಲಗೆ ಓದೇ ಎಂದು ಹೇಳಲು ನಾನು ಎದ್ದೆ. ಯಜಮಾನರು ಕೈ ಎತ್ತಿ ಬೇಡವೆಂದು ತಡೆದರು. ಪಾಠ ಮುಗಿಯುವ ತನಕ ಜಗಲಿಯ ಮೇಲೆ ಕೂತು ಕೇಳಿದರು.